ಸುಮ್ನ ಹೊಂಟೀನಿ

ಸೈಕಲ್ಲಿಗೆ ಮುಂದೆ ಬುಟ್ಟಿ ಇರಬಾರದು. ಇಷ್ಟು ತಿಳಿಯಲು ನನಗೆ ಐವತ್ತೆರಡು ವರ್ಷ ಮತ್ತು ಮೇಡ್ಲೇರಿಯಲ್ಲಿ ಒಂದು ಸಂಕ್ರಾಂತಿ ಬೇಕಾಯಿತು.

ಬುಟ್ಟಿ ನನ್ನದಲ್ಲ, ಸೈಕಲ್ಲೂ ನನ್ನದಲ್ಲ. ಅಕ್ಕನ ಮಗಳು ಎಂಟನೇ ತರಗತಿಗೆ ಬಂದಾಗ ಸರ್ಕಾರ ಕೊಟ್ಟದ್ದು. 2006-07ರಲ್ಲಿ ಆ ಯೋಜನೆ ಶುರುವಾದ ಮೇಲೆ ಹಳ್ಳಿಯ ರಸ್ತೆಗಳಲ್ಲಿ ಬೆಳಗಾದರೆ ಎರಡು ಜಡೆಗಳ ದಂಡೇ ಸೈಕಲ್ಲೇರಿ ಹೊರಡುತ್ತಿತ್ತು. ಆ ಹುಡುಗಿ ಈಗ ರಾಣೆಬೆನ್ನೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತಾಳೆ. ಸೈಕಲ್ಲು ಹಿತ್ತಲಲ್ಲಿ ಕುಳ್ಳಿನ ರಾಶಿಗೆ ಆತುಕೊಂಡು ನಿಂತಿತ್ತು, ಬುಟ್ಟಿಯಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಅದನ್ನು ಎಬ್ಬಿಸುವಾಗ ಮುಂಗೈಗೆ ಎರಡು ಸಲ ಕುಕ್ಕಿತು. ಬುಟ್ಟಿಯ ಹಕ್ಕುದಾರರು ಬೇರೆ ಇದ್ದಾರೆಂದು ಆಗಲೇ ತಿಳಿಯಬೇಕಿತ್ತು.

ಇಷ್ಟಕ್ಕೆಲ್ಲ ಮೂಲ ನೆದರ್ಲೆಂಡ್ಸ್‌ನಲ್ಲಿರುವ ನನ್ನ ಗೆಳೆಯ. ವಾರಕ್ಕೊಂದು ಫೋಟೊ ಕಳಿಸುತ್ತಾನೆ. ಕೆರೆ, ಕಾಲುವೆ, ಸಮುದ್ರದ ಒಡ್ಡು, ಒಡ್ಡಿನ ಮೇಲೆ ನೀಟಾದ ದಾರಿ, ದಾರಿಯ ಮೇಲೆ ಅವನು. ಆ ದೇಶದಲ್ಲಿ ಮನುಷ್ಯರಿಗಿಂತ ಸೈಕಲ್ಲುಗಳೇ ಹೆಚ್ಚಂತೆ. ನೆಲ ರೊಟ್ಟಿ ತಟ್ಟಿದಷ್ಟು ಸಪಾಟು. ನೋಡಿ ನೋಡಿ ನನಗೆ ಹೊಟ್ಟೆಕಿಚ್ಚಾಗಿ, ನಮ್ಮಲ್ಲೇನು ಕಡಿಮೆ ಎಂದು ಲೆಕ್ಕ ಹಾಕಿದೆ. ರಾಣೆಬೆನ್ನೂರು ತಾಲ್ಲೂಕಿನ ಮೂಡಣ ಭಾಗವೂ ಸಪಾಟೇ. ಕೆರೆಗಳಿವೆ. ತುಂಗಾ ಮೇಲ್ದಂಡೆಯ ಕಾಲುವೆ ತಾಲ್ಲೂಕಿಗೆ ಬಂದಿದೆ. ಸಮುದ್ರವೊಂದಿಲ್ಲ ನಿಜ. ಆದರೆ ಕೂಡಲಿಯಲ್ಲಿ ಒಂದಾದ ತುಂಗೆ ಭದ್ರೆಯರು ಹರಿಹರ ದಾಟಿ ನಮ್ಮ ಸೆರಗಿನಲ್ಲೇ ಹರಿಯುತ್ತಾರೆ. ಮೇಡ್ಲೇರಿಯಿಂದ ಹಿರೇಬಿದರಿ ಕಡೆ ಹೊಳೆಗೆ ಇಳಿದು, ದಂಡೆಗುಂಟ ಚೌಡಯ್ಯದಾನಪುರದ ಮುಕ್ತೇಶ್ವರನನ್ನು ನೋಡಿ, ಮೈಯಲ್ಲಿ ಕಸುವು ಉಳಿದರೆ ವರದೆ ಬಂದು ಕೂಡುವ ಗಳಗನಾಥದವರೆಗೆ. ಆತುರವಿಲ್ಲ, ಕೆಲಸವಿಲ್ಲ. ಸುಮ್ಮನೆ.

ಈ ‘ಸುಮ್ಮನೆ’ಯನ್ನು ಮನೆಯಲ್ಲಿ ಹೇಳಿದಾಗ ಮಾವ ಗೋಡೆಯ ಮೊಳೆ ತೋರಿಸಿದರು. “ಗಾಡಿ ಕೀಲಿ ಅಲ್ಲೇ ಐತಲ್ಲೋ. ಎಣ್ಣಿನೂ ಐತಿ.”

“ಗಾಡಿ ಬ್ಯಾಡ್ರಿ ಮಾವ. ಸೈಕಲ್ ಮ್ಯಾಲೆ ಹೋಗ್ತೀನಿ.”

ಅಕ್ಕ ಒಲೆಯ ಮುಂದಿನಿಂದ ಎದ್ದು ಬಂದು ನನ್ನ ಮುಖ ನೋಡಿದಳು. “ಯಾಕೋ ತಮ್ಮಾ, ಶುಗರ್ ಬಂದೈತೇನು? ಡಾಕ್ಟ್ರು ಹೇಳ್ಯಾರೇನು?” ಇಲ್ಲವೆಂದೆ. “ಮತ್ತ ಮನ್ಯಾಗ ಏನರ ಮಾತಾತೇನು?” ಹೆಂಡತಿಯ ಜೊತೆ ಜಗಳವೂ ಇಲ್ಲವೆಂದಾಗ ಅವಳಿಗೆ ಇನ್ನಷ್ಟು ಚಿಂತೆಯಾಯಿತು. ಕಾರಣವಿದ್ದರೆ ಪರಿಹಾರ ಮಾಡಬಹುದು.

ಅರಳಿಕಟ್ಟೆಯ ಪಕ್ಕದ ಚಾದಂಗಡಿಯ ಮುಂದೆ ಆರು ಜನ ಕೂತಿದ್ದರು. “ಎಲ್ಲಿಗೆ ಹೊಂಟೀರಿ ಸರ?” “ಸುಮ್ನ ಹೊಂಟೀನಿ.” ಅಷ್ಟೇ ಅಂದದ್ದು. ದೇವರಗುಡ್ಡದಲ್ಲಿ ಗೊರವಪ್ಪ ಬಿಲ್ಲನ್ನೇರಿ ಒಂದೇ ಮಾತಿನ ಕಾರಣಿಕ ನುಡಿದು ಕೆಳಗೆ ಬೀಳುತ್ತಾನೆ. ಆಮೇಲೆ ಜನ ವರ್ಷವಿಡೀ ಅದಕ್ಕೆ ಅರ್ಥ ಹಚ್ಚುತ್ತಾರೆ: ಮಳೆಯೋ, ಹತ್ತಿಯ ದರವೋ, ಮುಖ್ಯಮಂತ್ರಿಯ ಕುರ್ಚಿಯೋ. ನನ್ನ ‘ಸುಮ್ನ’ಕ್ಕೂ ಅದೇ ಗತಿಯಾಯಿತು. ಹೊಲ ಖರೀದಿಗೆ ಬಂದಾನೆ ಎಂದು ಒಬ್ಬ. ಉಸುಕಿನ ಗಾಡಿ ಹಿಡಿಯಲು ವೇಷ ಹಾಕಿಕೊಂಡು ಬಂದ ಸಾಹೇಬ ಎಂದು ಇನ್ನೊಬ್ಬ. “ನೌಕರಿ ಹೋಗಿರಬೇಕು” ಎಂದ ಮೂರನೆಯವನ ದನಿಯಲ್ಲಿ ಮಾತ್ರ ಸ್ವಲ್ಪ ಅಂತಃಕರಣವಿತ್ತು. ಬಿಜಾಪುರ, ಬಾಗಲಕೋಟೆಯ ಕಡೆ ಹುಡುಗರು ಸೈಕಲ್ ರೇಸು ಹೊಡೆದು ರೈಲ್ವೆಯಲ್ಲಿ ನೌಕರಿ ಹಿಡಿದದ್ದನ್ನು ಒಬ್ಬ ಹಿರಿಯರು ನೆನಪಿಸಿದರು. ನನ್ನ ಹೊಟ್ಟೆಯ ಮೇಲೆ ಕಣ್ಣಾಡಿಸಿ ಆ ಮಾತನ್ನು ಅಲ್ಲಿಗೇ ಬಿಟ್ಟರು.

ಆಮೇಲೆ ಎಲ್ಲರ ಕಣ್ಣು ಬುಟ್ಟಿಯ ಮೇಲೆ ಬಿತ್ತು.

“ಹೆಂಗೂ ಸುಮ್ನ ಹೊಂಟೀರಿ” ಎಂದು ಶುರುವಾಯಿತು. ಒಬ್ಬ ಕಂಬಳಿ ತಂದ. ಹುಣಸೆಬೀಜದ ಗಂಜಿ ಕುಡಿದ ಹೊಸ ಕಂಬಳಿ. ಮಡಚಲು ಹೋದರೆ ಹಲಗೆಯ ಹಾಗೆ ಎದ್ದು ನಿಲ್ಲುತ್ತದೆ. ಹಿರೇಬಿದರಿಯ ದಾರಿಯಲ್ಲಿ ಯಾವುದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದಾರಂತೆ, ಆ ಕುರಿಯವನಿಗೆ ಕೊಡಬೇಕು. ಯಾವ ಹೊಲ? “ಕುರಿ ಕಾಣ್ತಾವಲ್ರಿ.” ಇನ್ನೊಬ್ಬ ಪಂಪ್‌ಸೆಟ್ಟಿನ ಸ್ಟಾರ್ಟರ್ ಇಟ್ಟ. ಒಬ್ಬಾಕೆ ಅಜ್ಜಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆಗಳ ಗಂಟು ಕೊಟ್ಟು, ಮಗಳ ಮನೆಯ ಗುರುತು ಹೇಳಿ, ಗಂಟಿಗಿಂತ ಭಾರವಾದ ಮಾತೊಂದನ್ನು ನನ್ನ ಕಿವಿಯಲ್ಲಿಟ್ಟಳು: “ಅಳಿಯ ಮುಂದಿದ್ರ ಏನೂ ಹೇಳಬ್ಯಾಡಪ್ಪಾ. ಒಬ್ಬಾಕಿನ ಇದ್ದಾಗ ಹೇಳು, ಚೀಟಿ ರೊಕ್ಕ ಬಂದೈತಿ ಅಂತ.”

ನಾನು ಹುಟ್ಟಿ ಬೆಳೆದ ಸೀಮೆ ಇದು, ಸಿಟ್ಟು ಬರಲಿಲ್ಲ. ಯೋಚಿಸಿದರೆ ಇಲ್ಲಿ ಸುಮ್ಮನೆ ತಿರುಗಿದವರ ಚರಿತ್ರೆಯೇ ಇಲ್ಲ. ಹನ್ನೆರಡನೇ ಶತಮಾನದ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರು ಚೌಡಯ್ಯದಾನಪುರ. ಹುಟ್ಟು ಹಿಡಿದವನು ಜನರನ್ನು ದಡ ಮುಟ್ಟಿಸಬೇಕು, ವಿಹಾರಕ್ಕೆ ಹೋಗುವ ಹಾಗಿಲ್ಲ. ಗಳಗನಾಥದ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಕಾದಂಬರಿ ಬರೆದು ಸುಮ್ಮನೆ ಕೂಡಲಿಲ್ಲ, ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಮಾರಿದರು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ 1930ರಲ್ಲಿ ಗಾಂಧೀಜಿಯ ಜೊತೆ ಸಾಬರಮತಿಯಿಂದ ದಂಡಿಯವರೆಗೆ ಸುಮಾರು 385 ಕಿಲೋಮೀಟರ್ ನಡೆದರು. ಅದೂ ಉಪ್ಪು ತರಲು. ಬರಿಗೈಯಲ್ಲಿ ಹೊಳೆ ನೋಡಲು ಹೊರಟ ನನ್ನನ್ನು ನೆಲ ತಿದ್ದುತ್ತಿತ್ತು, ಅಷ್ಟೇ.

ಇನ್ನು ಸಪಾಟು ನೆಲದ ವಿಷಯ. ಏರಿನಲ್ಲಿ ಇಳಿದು ತಳ್ಳಿದರೆ ನೋಡಿದವರು ‘ಪಾಪ, ಏರು’ ಎನ್ನುತ್ತಾರೆ. ಸಪಾಟಿನಲ್ಲಿ ಇಳಿದು ತಳ್ಳುವವನಿಗೆ ಆ ಮರ್ಯಾದೆಯೂ ಇಲ್ಲ. ಸಂಕ್ರಾಂತಿಯ ಹೊತ್ತಿನ ಮೂಡಗಾಳಿಗೆ ಮರದ ಅಡ್ಡಿಯಿಲ್ಲ, ಗುಡ್ಡದ ಅಡ್ಡಿಯಿಲ್ಲ, ಅಡ್ಡವಿದ್ದದ್ದು ನಾನೊಬ್ಬ. ಬುಟ್ಟಿಯಲ್ಲಿ ನೆಟ್ಟಗೆ ನಿಂತ ಕಂಬಳಿ ಹಾಯಿಯ ಕೆಲಸ ಮಾಡಿತು, ಹಿಮ್ಮುಖವಾಗಿ. ಅರ್ಧ ಗಂಟೆ ಪೆಡಲು ತುಳಿದು ತಿರುಗಿ ನೋಡಿದರೆ ಊರ ಹೊರಗಿನ ನೀರಿನ ಟಾಕಿ ಇನ್ನೂ ನನ್ನನ್ನೇ ನೋಡುತ್ತಿತ್ತು. ಮಳೆಗಾಲದಲ್ಲಿ ಬಂದಿದ್ದರೆ ಇನ್ನೂ ಕಷ್ಟ. ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿ ನಿಂತುಬಿಡುತ್ತದೆ, ಆಗ ಸೈಕಲ್ಲನ್ನು ಹೆಗಲ ಮೇಲೆ ಕೂರಿಸಿಕೊಂಡು ನಾವು ನಡೆಯಬೇಕು.

ಮುಂದೆ ರಸ್ತೆಯೇ ಇರಲಿಲ್ಲ, ಹುರುಳಿ ಇತ್ತು. ನಮ್ಮ ರೈತರಿಗೆ ಲೋಕೋಪಯೋಗಿ ಇಲಾಖೆ ಹಾಕಿಸಿಕೊಟ್ಟ ಕಣವೆಂದರೆ ಡಾಂಬರು ರಸ್ತೆ. ಒಂದು ಕಡೆ ಗೋವಿನಜೋಳ ಒಣಗುತ್ತದೆ, ಇನ್ನೊಂದು ಕಡೆ ಹುರುಳಿ ಬಳ್ಳಿ ಹರಡಿ ಲಾರಿ, ಟ್ರ್ಯಾಕ್ಟರುಗಳ ಗಾಲಿಯಿಂದ ತುಳಿಸುತ್ತಾರೆ. ಸೈಕಲ್ಲಿನ ಚೈನಿಗೆ ಬಳ್ಳಿ ಸುತ್ತಿತು, ನಾನು ಮೆತ್ತಗೆ ಹುರುಳಿಯ ಮೇಲೆ ಒರಗಿದೆ. ಅಲ್ಲಿದ್ದ ಹೆಣ್ಣುಮಗಳು ಓಡಿ ಬಂದು ನನ್ನನ್ನೆತ್ತಿ, ಬೆನ್ನಿಗಂಟಿದ ಹುರುಳಿಯನ್ನು ಒಂದೂ ಬಿಡದೆ ಕೊಡವಿ ರಾಶಿಗೆ ಸೇರಿಸಿಕೊಂಡಳು. “ಯಣ್ಣಾ, ಲಾರಿ ಹೋದ್ರ ಕಾಳು ಉದುರತಾವು, ನಿನ್ನ ಸೈಕಲ್ಲಿಂದ ಏನಾಕೈತಿ?”

ಹೊಲಗಳಾಚೆ ನಾಲ್ಕೈದು ಕೃಷ್ಣಮೃಗಗಳು ಕಂಡವು. ಅವುಗಳಿಗಾಗಿ 1974ರಲ್ಲಿ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಮಾಡಿದ್ದಾರೆ, ಅವು ಜೋಳದ ಹೊಲವನ್ನೂ ಅದಕ್ಕೆ ಸೇರಿಸಿಕೊಂಡಿವೆ. ಕರಿಬೆನ್ನಿನ ಗಂಡೊಂದು ಕಾರಣವಿಲ್ಲದೆ ಮುಗಿಲಿಗೆ ಜಿಗಿಯಿತು. ಎಲ್ಲಿಗೆ ಹೊಂಟೀ ಎಂದು ಅದನ್ನು ಯಾರೂ ಕೇಳಲಿಲ್ಲ.

ಬಳ್ಳಾರಿ ಜಾಲಿಯ ಮುಳ್ಳಿಗೆ ಮುಂದಿನ ಗಾಲಿ ಪಂಚರ್ ಆದದ್ದನ್ನು ಹೆಚ್ಚು ಬೆಳೆಸುವುದಿಲ್ಲ. ಆ ರಸ್ತೆಯಲ್ಲಿ ಪಂಚರ್ ಆಗದಿದ್ದರೆ ಬರೆಯಬೇಕಿತ್ತು. ಆದರೆ ಪಂಚರ್ ತೆಗೆದ ಅಜ್ಜನ ವಿಷಯ ಹೇಳಲೇಬೇಕು. ಗಂಟೆಗಿಷ್ಟು ಎಂದು ಬಾಡಿಗೆ ಸೈಕಲ್ ಕೊಡುತ್ತಿದ್ದವನು, ಈಗ ಬೈಕಿನ ಗಾಲಿಗಳೇ ಗತಿ. ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎದ್ದಲ್ಲಿ ಹೆಬ್ಬೆರಳಿಟ್ಟು, ನೆಂಟರು ಬಂದ ಹಾಗೆ ಅದನ್ನೇ ನೋಡುತ್ತ ಕೂತ. “ಸೈಕಲ್ ಟೂಬು ಮುಟ್ಟಿ ಎಷ್ಟ್ ದಿನಾ ಆಗಿತ್ರಿ ಸರ!” ಅವನ ಅಂಗಡಿಯ ಗೋಡೆಯಲ್ಲಿ ಅಟ್ಲಾಸ್ ಸೈಕಲ್ಲಿನ ಹಳೆಯ ತಗಡಿನ ಜಾಹೀರಾತು ತೂಗುತ್ತಿತ್ತು. 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿದ ದಿನ 2020ರ ಜೂನ್ 3, ವಿಶ್ವ ಸೈಕಲ್ ದಿನ. ಅಜ್ಜನಿಗೆ ಹೇಳಿದೆ. ಅವನು ಪ್ಯಾಚಿನ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ಎರಡೇಟು ಹಾಕಿ, “ದಿನಾ ಚಲೋದ ನೋಡ್ಯಾರ ಬಿಡ್ರಿ” ಎಂದ.

ಕುರಿಯವನು ಸಿಕ್ಕ. ಕುರಿಗಳೇ ಕಂಡವು. ಸ್ಟಾರ್ಟರ್ ತಲುಪಿತು. ಅಜ್ಜಿಯ ಮಗಳ ಮನೆಯಲ್ಲಿ ಅಳಿಯ ಮುಂದಿನ ಕಟ್ಟೆಯ ಮೇಲೆ ಕೂತು ಅಲ್ಲಾಡಲಿಲ್ಲ. ಚೀಟಿಯ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ನಾನು ಎರಡು ಸಲ ಚಾ ಕುಡಿದೆ, ಒಂದು ಸಲ ಉಂಡೆ, ಅಡಕೆ ಹಾಕಿಕೊಂಡೆ. ಕೊನೆಗೆ ಅವನು ಎಮ್ಮೆಗೆ ನೀರು ಕುಡಿಸಲು ಎದ್ದ. ಒಂದೇ ಉಸಿರಿಗೆ ಸಂದೇಶ ಒಪ್ಪಿಸಿದೆ. ಆಕೆ ನಕ್ಕು, “ಅವ್ರಿಗೂ ಗೊತ್ತೈತ್ರಿ” ಎಂದಳು. ಆಮೇಲೆ ಅದೇ ಗಂಟಿನ ಬಟ್ಟೆಯಲ್ಲಿ ಒಂದು ಮಣ್ಣಿನ ಗಡಿಗೆ ಕೆನೆಮೊಸರು ಕಟ್ಟಿ, ಬಾಯಿ ಬಿಗಿದು, ತವರಿಗೆಂದು ಬುಟ್ಟಿಯಲ್ಲಿಟ್ಟಳು.

ಹೊಳೆ ಮುಟ್ಟಿದಾಗ ಇಳಿಹೊತ್ತು. ಮುಕ್ತೇಶ್ವರನೂ ಇಲ್ಲ, ಗಳಗನಾಥನೂ ಇಲ್ಲ, ಮೊಸರು ಹುಳಿಯಾಗುವುದರೊಳಗೆ ತಿರುಗಬೇಕು. ಆದರೂ ಹತ್ತು ನಿಮಿಷ ಸಿಕ್ಕಿತು. ನೀರು ತೆಳ್ಳಗೆ, ಬಂಡೆಗಳ ನಡುವೆ ದಾರಿ ವಿಚಾರಿಸಿಕೊಂಡು ಹೋದಂತೆ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಬೆಳ್ಳಕ್ಕಿಗಳಿದ್ದವು. ಗೆಳೆಯನಿಗೆ ಕಳಿಸಲೆಂದು ಫೋಟೊ ತೆಗೆದೆ. ಎಮ್ಮೆ ತೊಳೆಯುತ್ತಿದ್ದವನೊಬ್ಬ ನನ್ನನ್ನು ನೋಡಿದ, ಬಟ್ಟೆ ಸುತ್ತಿದ ಗಡಿಗೆಯನ್ನು ನೋಡಿದ, ಎಮ್ಮೆಯನ್ನು ದೂರ ಹೊಡೆದು ಕೈ ತೊಳೆದುಕೊಂಡು ಹತ್ತಿರ ಬಂದ.

“ಯಾರು ಹೋಗಿಬಿಟ್ರು ಸರ?” ಎಂದ ಸಣ್ಣ ದನಿಯಲ್ಲಿ. “ಅಲ್ಲಿ ನೀರು ಸೆಳುವೈತಿ, ಅಸ್ತಿ ಅಲ್ಲಿ ಬಿಡ್ರಿ.”

ಮೊಸರು ಎಂದರೆ ಅವನು ನಂಬಲಿಲ್ಲ. ಬಾಯಿ ಬಿಚ್ಚಿ ತೋರಿಸಬೇಕಾಯಿತು. ಹೊಳೆಯ ದಂಡೆಗೆ ಒಬ್ಬನೇ ಮೊಸರು ತಂದು ಕೂತವನೆಂದು ಆಮೇಲೆ ಅವನು ನನ್ನನ್ನು ಮೊದಲಿಗಿಂತ ಹೆಚ್ಚು ದೂರದಿಂದ ನೋಡಿದ.

ಬರುವಾಗ ಗಾಳಿ ಬೆನ್ನಿಗಿತ್ತು, ಸೈಕಲ್ಲು ತಾನೇ ಓಡುತ್ತಿತ್ತು. ಮೇಡ್ಲೇರಿ ಇನ್ನೇನು ಬಂತೆನ್ನುವಾಗ ಎದುರಿಗೆ ಒಬ್ಬ ಮುದುಕರು, ಬಿಳಿ ರುಮಾಲು, ಹಳೆಯ ದೊಡ್ಡ ಸೈಕಲ್ಲು, ಅಷ್ಟೇ ನಿಧಾನ. ಹ್ಯಾಂಡಲಿಗೆ ಚೀಲವಿಲ್ಲ, ಕ್ಯಾರಿಯರಿನಲ್ಲಿ ಏನೂ ಇಲ್ಲ.

“ಎಲ್ಲಿಗೆ ಹೊಂಟೀರಿ ಅಜ್ಜಾರ, ಹೊತ್ತು ಮುಳುಗಾಕತ್ತೈತಿ?”

“ಸುಮ್ನೋ ತಮ್ಮಾ” ಎಂದು ದಾಟಿ ಹೋದರು.

ಕಾಲು ನೆಲಕ್ಕೂರಿ ನಿಂತು, ಅವರು ಚುಕ್ಕೆಯಾಗುವವರೆಗೆ ನೋಡಿದೆ. ಕತ್ತಲಾಗುವ ಹೊತ್ತು, ಹೊಳೆಯ ದಾರಿ, ಕೈಯಲ್ಲಿ ಏನೂ ಇಲ್ಲ. ಚಾದಂಗಡಿಯ ಮುಂದೆ ಸೈಕಲ್ಲು ನಿಲ್ಲಿಸಿದವನೇ ಹೇಳಿದೆ:

“ರುಮಾಲಿನ ಅಜ್ಜಾರು ಒಬ್ರು ಹೊಳಿ ಕಡೆ ಹೋದ್ರು ನೋಡ್ರಪಾ. ಅವರ ಮನ್ಯಾಗ ಏನೋ ಆಗೈತಿ.”