ಹೇಳಿದಂತೆ ಕೇಳಿದ್ದೇ ತಪ್ಪು

ಅಮೆರಿಕದ ಬೇಸ್‌ಬಾಲ್‌ನಲ್ಲಿ ಚಳಿಗಾಲ ಅಂದರೆ ಸುಳ್ಳಿನ ಸುಗ್ಗಿ. ನವೆಂಬರ್ ಹೊತ್ತಿಗೆ ಆಟ ಮುಗಿದು ಮೈದಾನಕ್ಕೆ ಬೀಗ ಬಿದ್ದಿರುತ್ತದೆ. ಕಚೇರಿಯ ದೀಪ ಮಾತ್ರ ಆರುವುದಿಲ್ಲ. ಅಲ್ಲಿ ಆಟಗಾರರನ್ನು ಮಾರುತ್ತಾರೆ, ಕೊಳ್ಳುತ್ತಾರೆ. ಒಬ್ಬ ಅಧಿಕಾರಿಯನ್ನು ಮನೆಗೆ ಕಳಿಸಿ ಇನ್ನೊಬ್ಬನನ್ನು ಕರೆತರುತ್ತಾರೆ. ಪ್ರತಿಯೊಂದಕ್ಕೂ ಒಂದು ಪತ್ರಿಕಾಗೋಷ್ಠಿ. ಪ್ರತಿ ಗೋಷ್ಠಿಯಲ್ಲೂ ಅಭಿಮಾನಿಗಳ ಹಿತದ ಜಪ. ವಸಂತ ಬಂದಾಗ ಬಿಲ್ಲು ಮಾತ್ರ ಅಭಿಮಾನಿಗಳ ಕೈಗೆ.

ಈ ವಿದ್ಯೆಯಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಪಂಡಿತರು.

ಬಡ ತಂಡವಾಗಿದ್ದರೆ ಪಾಪ ಅನ್ನಬಹುದಿತ್ತು. ಇವರದು 1912ರಲ್ಲಿ ಬಾಗಿಲು ತೆರೆದ ಫೆನ್‌ವೇ ಪಾರ್ಕ್. ಇಡೀ ಲೀಗಿನಲ್ಲಿ ದುಬಾರಿ ಟಿಕೆಟ್‌ಗಳ ಸಾಲಿನಲ್ಲಿ ಇದರದ್ದೂ ಒಂದು. ಎಡಗಡೆ ಮೂವತ್ತೇಳು ಅಡಿ ಎತ್ತರದ ಹಸಿರು ಗೋಡೆಯೊಂದಿದೆ. 2003ರಲ್ಲಿ ಅದರ ನೆತ್ತಿಯ ಮೇಲೂ ಕುರ್ಚಿ ಹಾಕಿ ಮಾರಿದರು. ಗೋಡೆಯನ್ನೂ ಬಿಡದ ಜನ.

ಮಾಲೀಕರು ಜಾನ್ ಹೆನ್ರಿ. ಅವರ ಫೆನ್‌ವೇ ಸ್ಪೋರ್ಟ್ಸ್ ಗ್ರೂಪ್ 2010ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬನ್ನು ಕೊಂಡಿತು. 2021ರಲ್ಲಿ ಪಿಟ್ಸ್‌ಬರ್ಗ್‌ನ ಐಸ್ ಹಾಕಿ ತಂಡವನ್ನೂ ಬುಟ್ಟಿಗೆ ಹಾಕಿಕೊಂಡಿತು. ಊರಿನ ದೊಡ್ಡ ಪತ್ರಿಕೆ ಬಾಸ್ಟನ್ ಗ್ಲೋಬ್ 2013ರಿಂದ ಹೆನ್ರಿಯವರದೇ. ತಂಡವೂ ಅವರದು, ತಂಡದ ತಪ್ಪು ಹುಡುಕಬೇಕಾದ ಪತ್ರಿಕೆಯೂ ಅವರದು. ಆ ಪತ್ರಿಕೆಯ ಅಂಕಣಕಾರರು ಮಾಲೀಕರನ್ನೂ ಝಾಡಿಸುತ್ತಾರೆ ಅನ್ನುವುದು ನಿಜ. ಝಾಡಿಸಿದರೂ ಸರ್ಕ್ಯುಲೇಷನ್ ಲಾಭ ಸೇರುವುದು ಅದೇ ಮನೆಗೆ.

ಕಥೆ 2018ರಿಂದ ಶುರುವಾಗಲಿ. ಆ ವರ್ಷ ರೆಡ್ ಸಾಕ್ಸ್ 108 ಪಂದ್ಯ ಗೆದ್ದಿತು. ಫೈನಲ್‌ನಲ್ಲಿ ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡವನ್ನು 4-1ರಿಂದ ಮಣಿಸಿತು. ತಂಡ ಕಟ್ಟಿದವರು ಡೇವ್ ಡೊಂಬ್ರೌಸ್ಕಿ. ಖರ್ಚು ಮಾಡಿ ಗೆಲ್ಲಿಸು ಎಂದು ಕರೆತಂದ ಮನುಷ್ಯ. ಖರ್ಚು ಮಾಡಿದರು, ಗೆಲ್ಲಿಸಿದರು.

2019ರ ಸೆಪ್ಟೆಂಬರ್‌ನಲ್ಲಿ ಅವರನ್ನು ತೆಗೆದರು. ಯಾಂಕೀಸ್ ಎದುರು ಸೋತ ರಾತ್ರಿ, ನಡುರಾತ್ರಿ ಕಳೆದ ಮೇಲೆ ಸುದ್ದಿ ಹೊರಬಿತ್ತು. ವಿಶ್ವ ಪ್ರಶಸ್ತಿ ಗೆದ್ದು ಒಂದು ವರ್ಷವೂ ತುಂಬಿರಲಿಲ್ಲ. ಅಪರಾಧ? ಖರ್ಚು ಜಾಸ್ತಿಯಾಯಿತಂತೆ.

ಇಲ್ಲಿ ಲಕ್ಷುರಿ ಟ್ಯಾಕ್ಸ್ ಎಂಬ ಗುಮ್ಮನನ್ನು ಪರಿಚಯಿಸಬೇಕು. ಹೆಸರು ಕೇಳಿ ಸರ್ಕಾರದ ತೆರಿಗೆ ಅಂದುಕೊಳ್ಳಬೇಡಿ. ಲೀಗು ತಾನೇ ಎಳೆದುಕೊಂಡ ಗೆರೆ ಅದು. ಆಟಗಾರರ ಸಂಬಳದ ಮೊತ್ತ ಗೆರೆ ದಾಟಿದರೆ ದಂಡ. ಸತತವಾಗಿ ದಾಟಿದರೆ ದಂಡದ ದರ ಏರುತ್ತದೆ. ಒಂದು ವರ್ಷ ಕೆಳಗಿಳಿದರೆ ಲೆಕ್ಕ ಮತ್ತೆ ಮೊದಲಿನಿಂದ. 2018 ಮತ್ತು 2019ರಲ್ಲಿ ರೆಡ್ ಸಾಕ್ಸ್ ಕಟ್ಟಿದ ದಂಡ ವರ್ಷಕ್ಕೆ ಒಂದು ಕೋಟಿ ಡಾಲರ್ ಚಿಲ್ಲರೆ. ನಿಮಗೆ ನಮಗೆ ದೊಡ್ಡ ಮೊತ್ತ. ಮೂರು ಆಟಗಳಲ್ಲಿ ದೊಡ್ಡ ತಂಡಗಳನ್ನು ಕೊಳ್ಳುವವರಿಗೆ ಚಹಾ ಖರ್ಚು.

ಆದರೆ 2020ಕ್ಕೆ 20.8 ಕೋಟಿ ಡಾಲರಿನ ಗೆರೆಯ ಕೆಳಗೆ ಇರಬೇಕು ಎಂದು ಮಾಲೀಕರೇ ಹೇಳಿದರು. ಊರೆಲ್ಲ ಗದ್ದಲವಾದ ಮೇಲೆ ತಿದ್ದುಪಡಿ ಬಂತು: ಅದು ಅಪ್ಪಣೆಯಲ್ಲ, ಗುರಿ ಅಷ್ಟೇ. ಸರಿ. ಆ ಗುರಿಗೆ ಬಲಿ ಬೇಕಲ್ಲ? ಸಂಬಳದ ಪಟ್ಟಿಯಲ್ಲಿ ಮೂಕಿ ಬೆಟ್ಸ್ ಹೆಸರು ಕಂಡಿತು.

ಬೆಟ್ಸ್ ಅಂದರೆ 2018ರಲ್ಲಿ ಅಮೆರಿಕನ್ ಲೀಗಿನ ಅತ್ಯುತ್ತಮ ಆಟಗಾರ. ರೆಡ್ ಸಾಕ್ಸ್ ತಾನೇ ಆರಿಸಿ, ತಾನೇ ಬೆಳೆಸಿದ ಹುಡುಗ. ಓಡುತ್ತಾನೆ, ಹಿಡಿಯುತ್ತಾನೆ, ಹೊಡೆಯುತ್ತಾನೆ. 2020ರ ಫೆಬ್ರವರಿಯಲ್ಲಿ ಅವನನ್ನು ಡಾಡ್ಜರ್ಸ್‌ಗೆ ಕೊಟ್ಟರು. ಹೌದು, ಹದಿನಾರು ತಿಂಗಳ ಹಿಂದೆ ಫೈನಲ್‌ನಲ್ಲಿ ಸೋಲಿಸಿದ ಅದೇ ಡಾಡ್ಜರ್ಸ್‌ಗೆ. ಜೊತೆಗೆ ಪಿಚರ್ ಡೇವಿಡ್ ಪ್ರೈಸ್. ಪ್ರೈಸ್‌ಗೆ ಇನ್ನೂ ಕೊಡಬೇಕಿದ್ದ 9.6 ಕೋಟಿ ಡಾಲರಿನಲ್ಲಿ ಅರ್ಧ ನಾವೇ ಕೊಡುತ್ತೇವೆ ಎಂದು ಬಾಸ್ಟನ್ ಒಪ್ಪಿಕೊಂಡಿತು. ಮಗಳನ್ನೂ ಕೊಟ್ಟು, ಮನೆಯನ್ನೂ ಬರೆದುಕೊಟ್ಟ ಹಾಗೆ.

ಬದಲಿಗೆ ಸಿಕ್ಕವರು ಮೂವರು. ಅಲೆಕ್ಸ್ ವರ್ಡೂಗೊ, ಕಾನರ್ ವಾಂಗ್, ಜೀಟರ್ ಡೌನ್ಸ್. ಮೂರನೆಯ ಹೆಸರಿನ ಮೇಲೆ ಒಂದು ಕ್ಷಣ ನಿಲ್ಲಿ. ಆ ಹುಡುಗನಿಗೆ ಹೆತ್ತವರು ಇಟ್ಟದ್ದು ಡೆರೆಕ್ ಜೀಟರ್ ಹೆಸರು, ರೆಡ್ ಸಾಕ್ಸ್‌ನ ಬದ್ಧ ವೈರಿ ಯಾಂಕೀಸ್‌ನ ನಾಯಕನ ಹೆಸರು. ಬಾಸ್ಟನ್ನಿಗಾಗಿ ಅವನು ಆಡಿದ್ದು ಹದಿನಾಲ್ಕು ಪಂದ್ಯ. 2022ರ ಡಿಸೆಂಬರ್‌ನಲ್ಲಿ ಕೈಬಿಟ್ಟರು. ಮರುವರ್ಷ ಡಿಸೆಂಬರ್‌ನಲ್ಲಿ ವರ್ಡೂಗೊನನ್ನು ಸಾಗಿಸಿದ್ದು ಎಲ್ಲಿಗೆ ಗೊತ್ತೆ? ಯಾಂಕೀಸ್‌ಗೆ.

ಅತ್ತ ಡಾಡ್ಜರ್ಸ್ ಏನು ಮಾಡಿತು? 2020ರ ಜುಲೈನಲ್ಲಿ, ಕೋವಿಡ್ ಕಾಲದಲ್ಲಿ, ಮೈದಾನಗಳು ಖಾಲಿ ಹೊಡೆಯುತ್ತಿದ್ದಾಗ, ಬೆಟ್ಸ್‌ಗೆ ಹನ್ನೆರಡು ವರ್ಷಕ್ಕೆ 36.5 ಕೋಟಿ ಡಾಲರಿನ ಒಪ್ಪಂದ ಬರೆದುಕೊಟ್ಟಿತು. ಅದೇ ವರ್ಷ ಪ್ರಶಸ್ತಿ ಗೆದ್ದಿತು. 2024ರಲ್ಲಿ ಮತ್ತೆ. 2025ರಲ್ಲಿ ಮತ್ತೆ. ಬೆಟ್ಸ್ ಮೂರಕ್ಕೂ ಇದ್ದ.

ರೆಡ್ ಸಾಕ್ಸ್ 2020ರಲ್ಲಿ ತನ್ನ ವಿಭಾಗದ ಕೊನೆಯ ಸ್ಥಾನಕ್ಕಿಳಿಯಿತು. ಗೆರೆಯ ಕೆಳಗೆ ಇರಬೇಕು ಅಂದಿದ್ದರಲ್ಲ, ಎಲ್ಲದರ ಕೆಳಗೂ ಹೋದರು.

ಇದನ್ನೆಲ್ಲ ಮಾಡಿದ ಕೈ ಯಾರದು? ಹೇಮ್ ಬ್ಲೂಮ್ ಅವರದು. ಡೊಂಬ್ರೌಸ್ಕಿ ಜಾಗಕ್ಕೆ ಟ್ಯಾಂಪಾ ಬೇ ತಂಡದಿಂದ ಬಂದವರು. ಕಡಿಮೆ ದುಡ್ಡಿನಲ್ಲಿ ಸಂಸಾರ ತೂಗಿಸುವುದಕ್ಕೆ ಹೆಸರಾದ ಮನೆ ಅದು. ಹಾಗೆ ತೂಗಿಸಲೆಂದೇ ಕರೆಸಿದರು. ಮನುಷ್ಯ ತೂಗಿಸಿದರು. 2021ರಲ್ಲಿ ತಂಡವನ್ನು ಫೈನಲ್‌ನ ಹೊಸ್ತಿಲವರೆಗೂ ಒಯ್ದರು. ಆಮೇಲೆ 2022ರಲ್ಲಿ ಕೊನೆಯ ಸ್ಥಾನ, 2023ರಲ್ಲಿ ಕೊನೆಯ ಸ್ಥಾನ.

2022ರ ಚೋದ್ಯವನ್ನು ಬಿಡುವಂತಿಲ್ಲ. ಆ ವರ್ಷ ಸಂಬಳದ ಗೆರೆಯನ್ನು ಸ್ವಲ್ಪದರಲ್ಲೇ ದಾಟಿ ಕೊನೆಯ ಸ್ಥಾನಕ್ಕೆ ಬಂದರು. ಗೆರೆಗಾಗಿ ಬೆಟ್ಸ್‌ನನ್ನು ಮಾರಿದವರು, ಬೆಟ್ಸ್ ಇಲ್ಲದೆ ಗೆರೆ ದಾಟಿದರು! ಆ ಡಿಸೆಂಬರ್‌ನಲ್ಲಿ ನೆಚ್ಚಿನ ಶಾರ್ಟ್‌ಸ್ಟಾಪ್ ಜ್ಯಾಂಡರ್ ಬೊಗಾರ್ಟ್ಸ್ ಹನ್ನೊಂದು ವರ್ಷಕ್ಕೆ 28 ಕೋಟಿ ಡಾಲರ್ ಕೊಟ್ಟ ಸ್ಯಾನ್ ಡಿಯಾಗೊ ಪಾಡ್ರೇಸ್‌ಗೆ ಹೊರಟುಹೋದ. ಗೆರೆ ದಾಟಿದ ತಂಡಕ್ಕೆ ಆಟಗಾರ ಬಿಟ್ಟುಹೋದಾಗ ಸಿಗುವ ಪರಿಹಾರವೂ ಕಡಿಮೆ. ಮುಂದಿನ ಹೊಸಬರ ಆಯ್ಕೆಯಲ್ಲಿ ನಾಲ್ಕನೇ ಸುತ್ತು ಮುಗಿದ ಮೇಲಿನ ಒಂದು ಸರದಿ ಕೊಟ್ಟು ಕೈತೊಳೆದುಕೊಂಡರು.

2023ರ ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಅಭಿಮಾನಿಗಳ ಚಳಿಗಾಲದ ಉತ್ಸವ ನಡೆಸಿದರು. ದುಡ್ಡು ಕೊಟ್ಟು, ತಂಡದ ಜೆರ್ಸಿ ತೊಟ್ಟು, ಮಕ್ಕಳನ್ನು ಕರೆದುಕೊಂಡು ಬರುವ ಜನ. ಭಕ್ತರಲ್ಲಿ ಭಕ್ತರು. ವೇದಿಕೆ ಮೇಲೆ ಹೆನ್ರಿ, ಬ್ಲೂಮ್ ಕುಳಿತರು. ಸಭಾಂಗಣ ತುಂಬ ‘ಬೂ’ ಎಂಬ ಕೂಗು. ದೇವಸ್ಥಾನದೊಳಗೇ ಪೂಜಾರಿಗೆ ಛೀಮಾರಿ.

ಆ ಕೂಗಿನ ಬಹುಪಾಲು ಯಾರಿಗೆ ಸಲ್ಲಬೇಕಿತ್ತು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಕೆಲಸ ಕಳೆದುಕೊಂಡವರು ಮಾತ್ರ ಬ್ಲೂಮ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಗಮನಿಸಿ ಸ್ವಾಮಿ. ಡೊಂಬ್ರೌಸ್ಕಿಗೆ ಖರ್ಚು ಮಾಡು ಅಂದರು, ಖರ್ಚು ಮಾಡಿದ್ದಕ್ಕೆ ತೆಗೆದರು. ಬ್ಲೂಮ್‌ಗೆ ಉಳಿಸು ಅಂದರು, ಉಳಿಸಿದ್ದಕ್ಕೆ ತೆಗೆದರು. ಇಲ್ಲಿ ಮಾತು ಕೇಳದವನಿಗೆ ಏನಾಗುತ್ತದೋ ಗೊತ್ತಿಲ್ಲ, ಕೇಳಿದವನಿಗೆ ನೌಕರಿ ಖಾತ್ರಿಯಿಲ್ಲ. ಡೊಂಬ್ರೌಸ್ಕಿ ಫಿಲಡೆಲ್ಫಿಯಾಗೆ ಹೋಗಿ 2022ರಲ್ಲಿ ಆ ತಂಡವನ್ನು ಫೈನಲ್‌ಗೆ ಮುಟ್ಟಿಸಿದರು. ಬ್ಲೂಮ್ ಕೈಗೆ ಈಗ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಚುಕ್ಕಾಣಿ.

ಮೈದಾನದಲ್ಲಿ ತಂಡ ನಡೆಸುತ್ತಿದ್ದ ಮ್ಯಾನೇಜರ್ ಅಲೆಕ್ಸ್ ಕೋರಾ ಅವರದು ಇನ್ನೊಂದು ಬಗೆ. ಹ್ಯೂಸ್ಟನ್ ತಂಡದಲ್ಲಿದ್ದಾಗಿನ, ಎದುರಾಳಿಗಳ ಸಂಜ್ಞೆ ಕದ್ದ ಹಗರಣದಲ್ಲಿ ಹೆಸರು ಬಂತು. 2020ರ ಜನವರಿಯಲ್ಲಿ ಪರಸ್ಪರ ಒಪ್ಪಿಗೆಯ ಮೇಲೆ ಬೇರೆಯಾದರು. ಲೀಗು ಒಂದು ಸೀಸನ್ ನಿಷೇಧ ಹಾಕಿತು. ನಿಷೇಧ ಮುಗಿಯಿತು, ಬ್ಯಾಗು ಹಿಡಿದು ಅದೇ ಕುರ್ಚಿಗೆ ವಾಪಸ್ ಬಂದರು. ನೈತಿಕತೆಗೂ ಒಂದು ವರ್ಷದ ವಾರಂಟಿ ಅಷ್ಟೇ.

ಬ್ಲೂಮ್ ಜಾಗಕ್ಕೆ ಜನ ಸಿಗುವುದೇ ಕಷ್ಟವಾಯಿತು. ಸಂದರ್ಶನಕ್ಕೇ ಬರುವುದಿಲ್ಲ ಎಂದು ಹಲವರು ಕೈಮುಗಿದರೆಂದು ಪತ್ರಿಕೆಗಳು ಬರೆದವು. ಕೊನೆಗೆ ಒಪ್ಪಿದವರು ಕ್ರೇಗ್ ಬ್ರೆಸ್ಲೋ. ಇದೇ ತಂಡದ ಹಳೆಯ ಪಿಚರ್, ಯೇಲ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಓದಿದವರು. ಆಗ ಅಧ್ಯಕ್ಷ ಟಾಮ್ ವರ್ನರ್ ಉತ್ಸಾಹದಲ್ಲಿ ಘೋಷಿಸಿದರು: ಈ ಚಳಿಗಾಲ ‘ಫುಲ್ ಥ್ರಾಟಲ್’. ಜನ ಸೀಟ್ ಬೆಲ್ಟ್ ಹಾಕಿಕೊಂಡು ಕುಳಿತರು.

ಗಾಡಿ ಹಿಂದಕ್ಕೆ ಓಡಿತು. ಪಿಚರ್ ಕ್ರಿಸ್ ಸೇಲ್‌ನನ್ನು ಅಟ್ಲಾಂಟಾಗೆ ಕೊಟ್ಟರು. ಅವನ ಸಂಬಳಕ್ಕೆಂದು 1.7 ಕೋಟಿ ಡಾಲರನ್ನೂ ಕಟ್ಟಿಕೊಟ್ಟರು. ಗಾಯಾಳು, ಮುಗಿದ ಕುದುರೆ ಎಂಬ ಲೆಕ್ಕ. 2024ರಲ್ಲಿ ಆ ಮುಗಿದ ಕುದುರೆ 18 ಪಂದ್ಯ ಗೆಲ್ಲಿಸಿ, ನ್ಯಾಷನಲ್ ಲೀಗಿನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಎತ್ತಿಕೊಂಡಿತು. ಬದಲಿಗೆ ಬಂದ ವಾನ್ ಗ್ರಿಸಮ್ ಆ ವರ್ಷ ಆಡಿದ್ದು 31 ಪಂದ್ಯ. ಸೇಲ್ ಜಾಗ ತುಂಬಲು 3.85 ಕೋಟಿ ಡಾಲರ್ ಕೊಟ್ಟು ಕರೆತಂದ ಲೂಕಸ್ ಜಿಯೊಲಿಟೊ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋಗಿ ಇಡೀ ಸೀಸನ್ ಒಂದು ಚೆಂಡೂ ಎಸೆಯಲಿಲ್ಲ. ತಂಡ 81 ಗೆದ್ದು 81 ಸೋತಿತು. ವರ್ನರ್ ಅಷ್ಟರಲ್ಲಾಗಲೇ ತಮ್ಮ ಮಾತು ಸರಿಯಾಗಿ ಬರಲಿಲ್ಲ ಎಂಬರ್ಥದ ಸಮಜಾಯಿಷಿ ಕೊಟ್ಟಾಗಿತ್ತು. ಮಾತು ಚೆನ್ನಾಗಿಯೇ ಬಂದಿತ್ತು. ಬರದೆ ಉಳಿದದ್ದು ಚೆಕ್ಕು.

ಇನ್ನು ರಫಾಯೆಲ್ ಡೆವರ್ಸ್. ಬೆಟ್ಸ್, ಬೊಗಾರ್ಟ್ಸ್ ಹೋದ ಮೇಲೆ ಊರು ಸಮಾಧಾನವಾಗಲಿ ಎಂದು 2023ರ ಜನವರಿಯಲ್ಲಿ ಹತ್ತು ವರ್ಷಕ್ಕೆ 31 ಕೋಟಿ ಡಾಲರಿಗೂ ಹೆಚ್ಚಿನ ಒಪ್ಪಂದ ಮಾಡಿಕೊಂಡರು. ಇವನೇ ನಮ್ಮ ಮುಖ ಅಂದರು. 2025ರ ಫೆಬ್ರವರಿಯಲ್ಲಿ ಅಲೆಕ್ಸ್ ಬ್ರೆಗ್ಮನ್‌ನನ್ನು ಕರೆತಂದು ಡೆವರ್ಸ್‌ನ ಮೂರನೇ ಬೇಸ್ ಅವನಿಗೆ ಕೊಟ್ಟರು. ನೀನು ಗ್ಲೌಸ್ ಬಿಟ್ಟು ಬರೀ ಬ್ಯಾಟ್ ಹಿಡಿ ಅಂದರು. ಮುನಿಸಿಕೊಂಡು ಒಪ್ಪಿದ. ಮೇ ತಿಂಗಳಲ್ಲಿ ಮೊದಲ ಬೇಸ್‌ನ ಹುಡುಗನಿಗೆ ಪೆಟ್ಟಾಯಿತು. ಈಗ ಗ್ಲೌಸ್ ಹಾಕಿಕೊಂಡು ಅಲ್ಲಿ ನಿಲ್ಲು ಅಂದರು. ಆಗೋದಿಲ್ಲ ಅಂದ. ಜೂನ್‌ನಲ್ಲಿ ಯಾಂಕೀಸ್ ವಿರುದ್ಧದ ಸರಣಿಯ ಮೂರೂ ಪಂದ್ಯ ಗೆದ್ದ ದಿನವೇ ಸ್ಯಾನ್ ಫ್ರಾನ್ಸಿಸ್ಕೊಗೆ ಟಿಕೆಟ್ ಹರಿದರು. ಹುಡುಗನದೂ ಮೊಂಡುತನವೇ, ಇಲ್ಲ ಅನ್ನುವುದಿಲ್ಲ. ಆದರೆ ಬಾಕಿ ಉಳಿದಿದ್ದ 25 ಕೋಟಿಗೂ ಹೆಚ್ಚು ಡಾಲರ್ ಲೆಕ್ಕದ ಪುಸ್ತಕದಿಂದ ಹೋಯಿತಲ್ಲ, ಆಗ ಕಚೇರಿಯವರ ಮುಖ ನೋಡಬೇಕಿತ್ತು.

2025ರಲ್ಲಿ ತಂಡ 89 ಪಂದ್ಯ ಗೆದ್ದು ಪ್ಲೇಆಫ್ ಸೇರಿತು, ಯಾಂಕೀಸ್ ಎದುರು ಸೋತಿತು. ಪರವಾಗಿಲ್ಲದ ಸಾಧನೆ. ಆದರೆ ಯಾವ ಬ್ರೆಗ್ಮನ್‌ಗಾಗಿ ಡೆವರ್ಸ್ ಜೊತೆ ಜಗಳವಾಯಿತೋ ಆ ಬ್ರೆಗ್ಮನ್ ಒಂದೇ ವರ್ಷಕ್ಕೆ ಒಪ್ಪಂದದಿಂದ ಹೊರಬಂದ. 2026ರ ಜನವರಿಯಲ್ಲಿ ಐದು ವರ್ಷಕ್ಕೆ 17.5 ಕೋಟಿ ಡಾಲರ್ ಬರೆದ ಷಿಕಾಗೊ ಕಬ್ಸ್ ಸೇರಿದ. ಮನೆಮಗನನ್ನು ಹೊರಗಟ್ಟಿ ಕರೆತಂದ ಬಾಡಿಗೆದಾರ ಅಡ್ವಾನ್ಸ್ ವಾಪಸ್ ಪಡೆದು ಹೊರಟ.

ನಮಗ್ಯಾಕೆ ಬಾಸ್ಟನ್ ಉಸಾಬರಿ ಎನ್ನಬೇಡಿ. ಫೆನ್‌ವೇ ಸ್ಪೋರ್ಟ್ಸ್ ಗ್ರೂಪ್‌ನಲ್ಲಿ 2021ರಲ್ಲಿ ಪಾಲು ಕೊಂಡ ರೆಡ್‌ಬರ್ಡ್ ಕ್ಯಾಪಿಟಲ್ ಅದೇ ವರ್ಷ ನಮ್ಮ ಐಪಿಎಲ್‌ನ ರಾಜಸ್ಥಾನ್ ರಾಯಲ್ಸ್‌ನಲ್ಲೂ ಪಾಲು ಕೊಂಡಿತು. ಆ ತಂಡದ ಕೋಚ್ ಆಗಿ 2025ರ ಸೀಸನ್‌ಗೆ ಹೋದವರು ನಮ್ಮ ರಾಹುಲ್ ದ್ರಾವಿಡ್. ಬೆಂಗಳೂರಿನ ಲೀಗ್ ಪಂದ್ಯದಲ್ಲಿ ಕಾಲಿಗೆ ಪೆಟ್ಟು ಮಾಡಿಕೊಂಡು, ಊರುಗೋಲು ಹಿಡಿದು ಅಭ್ಯಾಸಕ್ಕೆ ಬಂದರು. ಹದಿನಾಲ್ಕರ ಹುಡುಗ ವೈಭವ್ ಸೂರ್ಯವಂಶಿ ಶತಕ ಹೊಡೆದಾಗ ವೀಲ್‌ಚೇರ್‌ನಿಂದ ಎದ್ದೇ ನಿಂತರು. ಒಂದೇ ಸೀಸನ್. ಆಗಸ್ಟ್‌ನಲ್ಲಿ ತಂಡದ ಪ್ರಕಟಣೆ ಬಂತು: ಸಂಸ್ಥೆಯ ರಚನೆಯ ಮರುಪರಿಶೀಲನೆಯ ಭಾಗವಾಗಿ ಇನ್ನೂ ವಿಸ್ತಾರವಾದ ಹುದ್ದೆ ಕೊಟ್ಟೆವು, ಅವರು ಒಪ್ಪಲಿಲ್ಲ. ನವೆಂಬರ್‌ನಲ್ಲಿ ನಾಯಕ ಸಂಜು ಸ್ಯಾಮ್ಸನ್ ಚೆನ್ನೈಗೆ. ಅಲ್ಪ ಪಾಲಿನ ರೆಡ್‌ಬರ್ಡ್ ಇದನ್ನೆಲ್ಲ ಮಾಡಿಸಿತು ಎಂದು ನಾನು ಹೇಳುತ್ತಿಲ್ಲ. ಜೈಪುರದವರಿಗೆ ಬಾಸ್ಟನ್ನಿನ ಪಾಠ ಬೇಕಾಗಿಯೂ ಇರಲಿಲ್ಲ.

ಹೆನ್ರಿ ಮತ್ತು ಜೊತೆಗಾರರು 2002ರಲ್ಲಿ ರೆಡ್ ಸಾಕ್ಸ್ ಕೊಂಡಾಗ ತೆತ್ತದ್ದು ಸುಮಾರು 70 ಕೋಟಿ ಡಾಲರ್. ಈಗ ಅದರ ಬೆಲೆ 400 ಕೋಟಿಗೂ ಮೇಲೆ. ಬೆಟ್ಸ್ ಇಲ್ಲ, ಬೊಗಾರ್ಟ್ಸ್ ಇಲ್ಲ, ಸೇಲ್ ಇಲ್ಲ, ಡೆವರ್ಸ್ ಇಲ್ಲ, ಬ್ರೆಗ್ಮನ್ ಇಲ್ಲ, ಡೊಂಬ್ರೌಸ್ಕಿ ಇಲ್ಲ, ಬ್ಲೂಮ್ ಇಲ್ಲ. ಇಷ್ಟು ಚಳಿಗಾಲಗಳಲ್ಲಿ ಒಂದು ಮರುಪರಿಶೀಲನೆಯೂ ಮಾಲೀಕರ ಕೋಣೆಯ ಬಾಗಿಲು ತಟ್ಟಿಲ್ಲ.