ಹೀರೋ ಮಲಗಿದ್ದ ಹಾಸಿಗೆ ಇರಲಿ, ಮೊದಲು ಆರ್‌ಸಿ ತೋರಿಸಿ

ಸೆಕೆಂಡ್‌ಹ್ಯಾಂಡ್ ಕ್ಯಾರವಾನ್ ಮಾರುವ ಸಮಸ್ತ ಮಹನೀಯರಿಗೆ, ಅವರ ಬ್ರೋಕರ್‌ಗಳಿಗೆ, ಆ ಬ್ರೋಕರ್‌ಗಳ ಬ್ರೋಕರ್‌ಗಳಿಗೆ ನಮಸ್ಕಾರ.

ನಿಮ್ಮ ಜಾಹೀರಾತುಗಳನ್ನು ಓದುವುದೇ ಒಂದು ಸುಖ. ‘ಶೂಟಿಂಗ್ ಗಾಡಿ, ದೊಡ್ಡ ಹೀರೋ ಯೂಸ್ ಮಾಡಿದ್ದು, ಓಡಿದ್ದು ಕಮ್ಮಿ, ಪೇಪರ್ಸ್ ಎಲ್ಲಾ ಕ್ಲಿಯರ್, ಬಂದು ನೋಡಿ ಮಾತಾಡಿ.’ ಜೊತೆಗೆ ಫೋಟೋಗಳ ಸಾಲು. ಕೆಂಪು ರೆಕ್ಸಿನ್ ಸೋಫಾ, ಸುತ್ತ ಬಲ್ಬು ಹಚ್ಚಿದ ಮೇಕಪ್ ಕನ್ನಡಿ, ಟಿವಿ, ಪುಟ್ಟ ಫ್ರಿಜ್, ನೀಲಿ ಎಲ್‌ಇಡಿ ಪಟ್ಟಿ, ಮತ್ತು ಹೀರೋ ಮಲಗಿದ್ದ ಹಾಸಿಗೆ. ಹಾಸಿಗೆಗೆ ಎರಡು ಕೋನದ ಫೋಟೋ. ಗಾಡಿಯ ಮುಂಭಾಗದ ಫೋಟೋದಲ್ಲಿ ಮಾತ್ರ ನಂಬರ್ ಪ್ಲೇಟ್ ಮೇಲೆ ಬಿಳಿ ಪಟ್ಟಿ ಎಳೆದಿರುತ್ತೀರಿ. ಗಾಡಿಗೇನು ಮಾನ ಹೋಗುತ್ತದೋ ತಿಳಿಯದು. ಆ ನಂಬರನ್ನು ಎಂಪರಿವಾಹನ್ ಆ್ಯಪ್‌ಗೆ ಹಾಕಿದರೆ ಗಾಡಿ ಯಾವ ವರ್ಗದ್ದು, ಎಫ್‌ಸಿ ಎಂದು ಮುಗಿಯುತ್ತದೆ, ಇನ್ಶೂರೆನ್ಸ್ ಇದೆಯೋ ಇಲ್ಲವೋ ಎಲ್ಲ ಕಾಣಿಸುತ್ತದೆ ಎನ್ನುವುದಂತೂ ತಿಳಿದದ್ದೇ. ಹಾಸಿಗೆ ತೋರಿಸಿ ಆರ್‌ಸಿ ಬಚ್ಚಿಡುವುದು ಗಂಡಿನ ಮನೆ ತೋರಿಸಿ ಗಂಡನ್ನೇ ತೋರಿಸದೆ ಕಳಿಸಿದ ಹಾಗೆ. ಈ ಪತ್ರದ ತಕರಾರು ಇಷ್ಟೇ: ನೀವು ಮಾರುತ್ತಿರುವ ಕ್ಯಾರವಾನ್ ನಿಮ್ಮ ಜಾಹೀರಾತಿನಲ್ಲಿ ಮಾತ್ರ ಇದೆ. ಸಾರಿಗೆ ಇಲಾಖೆಯ ದಾಖಲೆಯಲ್ಲಿ ಇರುವುದು ಬೇರೆಯೇ ಗಾಡಿ.

ಬಹುಪಾಲು ಕನ್ನಡಿಗರಿಗೆ ಕ್ಯಾರವಾನ್ ಎಂದರೆ ಸಿನಿಮಾದವರ ಗಾಡಿ. ಟೆಂಟ್ ಕಟ್ಟಿ ಕಾಡು ಸುತ್ತುವ ಮಧ್ಯಮ ವರ್ಗದ ಕುಟುಂಬಕ್ಕೆ ಅದರ ಆಸೆ ಹತ್ತಿದ್ದು ಕೋವಿಡ್ ನಂತರ, ಹೋಟೆಲ್ ಕೋಣೆಗೆ ಹೆದರುವ ಕಾಲದಲ್ಲಿ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನೇ ತಂದಿತು. ಹೊಸ ಗಾಡಿಯ ಬೆಲೆ ಕೇಳಿದವರು ಹಳೆಯದರ ಕಡೆ ತಿರುಗಿದರು, ತಿರುಗಿದ ಕಡೆ ನೀವು ನಿಂತಿದ್ದಿರಿ. ನಿಮ್ಮ ಗಾಡಿಗಳ ಹುಟ್ಟು ಗುಟ್ಟಿನದ್ದೇನಲ್ಲ. ಹಳೆಯ ಟೆಂಪೋ ಟ್ರಾವೆಲರ್ ಸಿಗುತ್ತದೆ, ಇಲ್ಲವೇ ಕೆಲಸ ಮುಗಿಸಿದ ಆಂಬುಲೆನ್ಸ್. ಗ್ಯಾರೇಜಿನಲ್ಲಿ ಸೀಟು ಬಿಚ್ಚಿ, ಪ್ಲೈವುಡ್ ಹೊಡೆದು, ಹಿಂದೆ ಒಂದು ಟಾಯ್ಲೆಟ್ ಕೂರಿಸಿ, ತಲೆಯ ಮೇಲೆ ಏಸಿ, ಹೊಟ್ಟೆಯ ಕೆಳಗೆ ನೀರಿನ ಟ್ಯಾಂಕ್, ಪಕ್ಕದಲ್ಲಿ ಜನರೇಟರ್ ಇಟ್ಟರೆ ಕ್ಯಾರವಾನ್ ಸಿದ್ಧ. ಕೆಲವು ಮೇಸ್ತ್ರಿಗಳ ಕೈಕೆಲಸ ನಿಜಕ್ಕೂ ಚೆನ್ನಾಗಿರುತ್ತದೆ, ಅದಕ್ಕೆ ಸಲಾಂ. ಆದರೆ ಆರ್‌ಸಿ ತೆಗೆದು ನೋಡಿ. ವಾಹನದ ವರ್ಗದ ಎದುರು ಮ್ಯಾಕ್ಸಿ ಕ್ಯಾಬ್ ಎಂದೋ ಆಂಬುಲೆನ್ಸ್ ಎಂದೋ ಇರುತ್ತದೆ. ಕೂರುವವರ ಸಂಖ್ಯೆಯ ಪಕ್ಕದಲ್ಲೇ ಸ್ಲೀಪರ್ ಎಂಬ ಕಾಲಂ ಇದೆ, ಅಲ್ಲಿ ಸೊನ್ನೆ. ಅಂದರೆ ಕಾನೂನಿನ ಪ್ರಕಾರ ಆ ಗಾಡಿಯಲ್ಲಿ ಯಾವ ಹೀರೋನೂ ಮಲಗಿಯೇ ಇಲ್ಲ.

ಇದು ಬರೀ ಕಾಗದದ ಕಿರಿಕಿರಿ ಎನ್ನುವವರಿಗೆ ಕಾನೂನು ಏನು ಹೇಳುತ್ತದೆಂದು ನೆನಪಿಸಬೇಕು. ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದ ಹಾಗೆ ಗಾಡಿಯನ್ನು ಮಾಲೀಕ ಬದಲಿಸಕೂಡದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಶಿಕ್ಷೆಯನ್ನೂ ಬರೆದಿಟ್ಟಿತು: ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಒಂದೊಂದಕ್ಕೆ ಎಂಬುದನ್ನು ಗಮನಿಸಿ. ಟಾಯ್ಲೆಟ್ಟಿಗೆ ಒಂದು, ಟ್ಯಾಂಕಿಗೆ ಒಂದು, ಜನರೇಟರಿಗೆ ಒಂದು ಎಂದು ಎಣಿಸುತ್ತ ಹೋಗುವ ಇನ್‌ಸ್ಪೆಕ್ಟರ್ ಸಿಕ್ಕರೆ ಹೀರೋ ಮಲಗಿದ್ದ ಹಾಸಿಗೆಗೂ ಒಂದು ರಸೀದಿ ಹರಿಯಬಹುದು. ಆ ರಸೀದಿಯನ್ನು ಮೊದಲು ಕೈಗಿಡುವುದು ಪ್ಲೈವುಡ್ ಹೊಡೆದ ಮೇಸ್ತ್ರಿಗಲ್ಲ, ಹೊಡೆಸಿದ ನಿಮಗೂ ಅಲ್ಲ. ರಸ್ತೆ ಬದಿ ಗಾಡಿ ನಿಲ್ಲಿಸಿದಾಗ ಸ್ಟೇರಿಂಗ್ ಹಿಂದೆ ಇರುವುದು ಕೊಂಡವನು, ಮೊದಲು ಉತ್ತರ ಹೇಳಬೇಕಾದವನೂ ಅವನೇ.

ಇಲ್ಲಿ ನಿಮ್ಮ ಕಡೆಯ ಜಾಣರೊಬ್ಬರು ಎದ್ದು ನಿಂತು, ‘ಹಾಸಿಗೆ ಹಾಕಿದರೆ ಅದೂ ಮಾರ್ಪಾಡೇ? ಹಾಗಾದರೆ ಸೀಟ್ ಕವರ್ ಹಾಕಿಸಿದವರೆಲ್ಲ ಜೈಲಿಗೆ ಹೋಗಬೇಕು’ ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಬಣ್ಣ ಬದಲಿಸುವುದು, ಸಣ್ಣಪುಟ್ಟ ಫಿಟ್ಟಿಂಗ್ ಹಾಕಿಸುವುದು ಈ ನಿಷೇಧಕ್ಕೆ ಬರುವುದಿಲ್ಲ ಎಂದು ಅದೇ 2019ರ ತೀರ್ಪೂ ಒಪ್ಪುತ್ತದೆ. ಬಿಚ್ಚಿ ಎತ್ತಿಡಬಹುದಾದ ಒಂದು ಮಂಚದ ಬಗ್ಗೆ ಯಾರಿಗೂ ಜಗಳವಿಲ್ಲ. ಆದರೆ ಹನ್ನೆರಡು ಜನ ಕೂರುವ ಗಾಡಿಯನ್ನು ನಾಲ್ಕು ಜನ ಮಲಗುವ ಗಾಡಿ ಮಾಡಿ, ಮೇಲ್ಛಾವಣಿ ಕೊಯ್ದು ಏಸಿ ಕೂರಿಸಿ, ಇನ್ನೂರು ಲೀಟರ್ ನೀರು ತುಂಬಿಸುವುದು ಸೀಟ್ ಕವರ್ ಅಲ್ಲ ಸ್ವಾಮಿ. ಇನ್ನೂರು ಲೀಟರ್ ಎಂದರೆ ಇನ್ನೂರು ಕಿಲೋ, ಅದೂ ಒಂದೇ ಮೂಲೆಯಲ್ಲಿ, ಶಿರಾಡಿ ಘಾಟಿಯ ತಿರುವಿನಲ್ಲಿ ಅತ್ತಿಂದಿತ್ತ ತುಳುಕುವ ಇನ್ನೂರು ಕಿಲೋ. ಗಾಡಿಯ ಖಾಲಿ ತೂಕ ಇಷ್ಟು ಎಂದು ಆರ್‌ಸಿಯಲ್ಲಿ ಬರೆಯುವುದು ಬ್ರೇಕಿಗೂ ಟೈರಿಗೂ ಸಂಬಂಧ ಇರುವುದರಿಂದಲೇ.

ಎರಡನೆಯ ಜಾಣರ ವಾದ ಇನ್ನೂ ಹಳೆಯದು: ‘ಎಲ್ಲರೂ ಓಡಿಸ್ತಾರೆ, ಯಾರೂ ಹಿಡಿಯಲ್ಲ.’ ಪೊಲೀಸರು ಹಿಡಿಯದಿರಬಹುದು. ಇನ್ಶೂರೆನ್ಸ್ ಕಂಪನಿಯ ಸರ್ವೇಯರ್ ಹಿಡಿಯುತ್ತಾನೆ, ಅವನ ಕೆಲಸವೇ ಅದು. ಪಾಲಿಸಿ ಮಾಡಿಸಿದ್ದು ಮ್ಯಾಕ್ಸಿ ಕ್ಯಾಬಿಗೆ. ಸುಟ್ಟುಹೋದದ್ದು ಅಡುಗೆ ಸಿಲಿಂಡರ್, ಇನ್ವರ್ಟರ್, ಎಳೆದಾಡಿದ ವೈರಿಂಗ್ ಇದ್ದ ಮನೆ. ಕ್ಲೇಮ್ ತಿರಸ್ಕರಿಸಲು ಅದಕ್ಕಿಂತ ಒಳ್ಳೆಯ ಕಾರಣ ಬೇಕೆ? ಇನ್ನು ಹಳೇ ಮಾಲೀಕನ ಹೆಸರಲ್ಲೇ ಪಾಲಿಸಿ ಓಡಲಿ ಎಂದು ಸಲಹೆ ಕೊಡುತ್ತೀರಲ್ಲ, ಅದು ಇನ್ನೂ ಚೆಂದ. ಗಾಡಿ ಕೈ ಬದಲಾದರೆ ಥರ್ಡ್ ಪಾರ್ಟಿ ರಕ್ಷಣೆ ತಾನಾಗಿ ಹೊಸಬನಿಗೆ ಬರುತ್ತದೆ, ಸ್ವಂತ ಗಾಡಿಯ ನಷ್ಟಕ್ಕೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿಯಾಗಿದೆ.

ಈಗ ಹೊಟ್ಟೆ ಉರಿಯುವ ವಿಷಯಕ್ಕೆ ಬರೋಣ. ಟ್ರಾನ್ಸ್‌ಫರ್. ಆರ್‌ಸಿಯಲ್ಲಿ ಒಂದು, ಗಾಡಿಯಲ್ಲಿ ಇನ್ನೊಂದು ಇರುವುದರಿಂದ ನೀವು ಆರ್‌ಟಿಓ ಕಚೇರಿಯ ಹತ್ತಿರವೂ ಸುಳಿಯುವುದಿಲ್ಲ. ಅದರ ಬದಲು ಫಾರಂ 29, ಫಾರಂ 30ಕ್ಕೆ ಖಾಲಿ ಸಹಿ ಹಾಕಿ ಕೊಡುತ್ತೀರಿ. ‘ಸೈನ್ ಇದೆ ಸಾರ್, ನಿಧಾನಕ್ಕೆ ಮಾಡಿಸ್ಕೊಳ್ಳಿ.’ ಕೊಂಡವನೂ ಹೆದರಿ ಮಾಡಿಸುವುದಿಲ್ಲ, ಆ ಫಾರಂಗಳ ಸಮೇತ ಗಾಡಿಯನ್ನು ಇನ್ನೊಬ್ಬನಿಗೆ ದಾಟಿಸುತ್ತಾನೆ. ಹೀಗೆ ಗಾಡಿ ಓಡುತ್ತಲೇ ಇರುತ್ತದೆ, ಮಾಲೀಕ ಮಾತ್ರ ನಿಂತಲ್ಲೇ. ಇದರಲ್ಲಿ ಮೋಸ ಹೋಗುವವನು ಗಿರಾಕಿಯೊಬ್ಬನೇ ಎಂದುಕೊಂಡಿದ್ದರೆ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಯಾರ ಹತ್ತಿರವಾದರೂ ಓದಿಸಿ ಕೇಳಿ. ಅಲ್ಲಿ ಒಬ್ಬಾತ 2007ರಲ್ಲಿ ಕಾರು ಮಾರಿದ್ದ. ಅದು ಕೈಯಿಂದ ಕೈಗೆ ಹೋಗಿ 2009ರಲ್ಲಿ ಅಪಘಾತ ಮಾಡಿತು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದಿತು ಕೋರ್ಟ್. ಮಾರಿ ಕೈ ತೊಳೆದುಕೊಂಡೆವು ಎಂದು ಬೀಗುತ್ತಿರುವ ಮಹನೀಯರೇ, ಕೈ ಇನ್ನೂ ಒದ್ದೆಯಾಗಿಲ್ಲ. ನಿಮ್ಮ ಹೀರೋ ಹಾಸಿಗೆ ಯಾರನ್ನೋ ಮಲಗಿಸಿದ ದಿನ ನೋಟಿಸ್ ಬರುವುದು ನಿಮ್ಮ ಮನೆ ಬಾಗಿಲಿಗೆ.

‘ಹಳೇ ಗಾಡಿ, ನೋಡಿಕೊಂಡು ತಗೊಳ್ಳೋದು ನಿಮ್ಮ ಜವಾಬ್ದಾರಿ’ ಎನ್ನುವುದು ನಿಮ್ಮ ಕಡೇ ಅಸ್ತ್ರ. ಒಂದು ಮಟ್ಟಿಗೆ ಸರಿ. ಜವಾಬ್ದಾರಿಯಿರುವ ಗಿರಾಕಿ ಟಾಯ್ಲೆಟ್ ಬಾಗಿಲ ಬುಡದ ಪ್ಲೈವುಡ್ಡನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾನೆ. ಬಿಸ್ಕತ್ತಿನಂತೆ ಒಳಗೆ ಹೋದರೆ ನೀರು ವರ್ಷಗಟ್ಟಲೆ ಸೋರಿದೆ ಎಂದರ್ಥ. ಟೈರಿನ ಪಕ್ಕೆಯಲ್ಲಿ ಅಚ್ಚಾದ ನಾಲ್ಕು ಅಂಕಿ ಓದುತ್ತಾನೆ. 2316 ಎಂದಿದ್ದರೆ ಅದು 2016ರ 23ನೇ ವಾರದ ಟೈರು, ಮೇಲಿನ ಟ್ರೆಡ್ ಎಷ್ಟೇ ಉಳಿದಿರಲಿ. ‘ಓಡಿದ್ದು ಕಮ್ಮಿ’ ಎಂಬ ಮಾತನ್ನೂ ಅವನು ತೂಗಿ ನೋಡುತ್ತಾನೆ, ಏಕೆಂದರೆ ಶೂಟಿಂಗ್ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ನಿಂತಲ್ಲೇ ಗುರುಗುಟ್ಟಿದ ಗಂಟೆಗಳು ಮೀಟರಿನಲ್ಲಿ ಬೀಳುವುದಿಲ್ಲ. ಇವೆಲ್ಲ ಕಣ್ಣಿಗೆ, ಕೈಗೆ ಸಿಗುವಂಥವು. ಬಿಳಿ ಪಟ್ಟಿಯ ಹಿಂದೆ ಅಡಗಿಸಿದ ನಂಬರನ್ನು ಯಾವ ಹೆಬ್ಬೆರಳಿಂದ ಒತ್ತಿ ನೋಡುವುದು? ಕೊಳ್ಳುವವನೇ ಎಚ್ಚರದಿಂದಿರಬೇಕು ಎನ್ನುವ 1930ರ ಸರಕು ಮಾರಾಟ ಕಾಯ್ದೆ, ಅದಕ್ಕೂ ಒಂದು ಸೆಕ್ಷನ್ ಹಿಂದೆ, ವರ್ಣನೆ ಮಾಡಿ ಮಾರಿದ ಸರಕು ಆ ವರ್ಣನೆಗೆ ಹೊಂದಲೇಬೇಕು ಎಂದೂ ಹೇಳುತ್ತದೆ. ನೀವು ವರ್ಣಿಸಿದ್ದು ಕ್ಯಾರವಾನ್. ಕೊಟ್ಟದ್ದು ಮಂಚ ಹಾಕಿದ ಮ್ಯಾಕ್ಸಿ ಕ್ಯಾಬ್.

ಸರ್ಕಾರದ ಪಾಲನ್ನೂ ಹೇಳದಿದ್ದರೆ ಅನ್ಯಾಯ. ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಎಂಬ ಮಾನದಂಡವಿದೆ. ಆದರೆ ಅದು ಬರೆದಿರುವುದು ದೊಡ್ಡ ತಯಾರಕರನ್ನು ಕಣ್ಣ ಮುಂದಿಟ್ಟುಕೊಂಡು. ಒಂದೇ ಒಂದು ಗಾಡಿ ಮಾಡಿಸಿಕೊಳ್ಳುವ ಸಾಮಾನ್ಯನಿಗೆ ಪರೀಕ್ಷಾ ಸಂಸ್ಥೆಯ ದಾರಿಯೇ ದುಬಾರಿ. ನೀತಿ ಬರೆದು ಪ್ರವಾಸಿಗರನ್ನು ಕರೆಯುವ ಸರ್ಕಾರಗಳು ಈ ದಾರಿಯನ್ನು ಸಲೀಸು ಮಾಡಿದ್ದರೆ ನಿಮ್ಮಲ್ಲಿ ಅರ್ಧ ಜನ ನೆಟ್ಟಗೆ ವ್ಯಾಪಾರ ಮಾಡುತ್ತಿದ್ದಿರಿ. ಅಷ್ಟು ನಂಬಿಕೆ ಇದೆ. ಹಾಗೆಂದು ದಾರಿ ಕಷ್ಟ ಎಂಬ ಕಾರಣಕ್ಕೆ ಅದರ ಮುಳ್ಳನ್ನು ಗೊತ್ತಿಲ್ಲದವನ ಕಾಲಿಗೆ ದಾಟಿಸಿ, ಮೇಲೆ ಲಕ್ಷಗಟ್ಟಲೆ ದುಡ್ಡೂ ಎಣಿಸಿಕೊಳ್ಳುವುದು ಯಾವ ನ್ಯಾಯ? ‘ಆರ್‌ಸಿಯಲ್ಲಿ ಮ್ಯಾಕ್ಸಿ ಕ್ಯಾಬ್ ಎಂದಿದೆ, ಮಾರ್ಪಾಡು ದಾಖಲಾಗಿಲ್ಲ’ ಎಂದು ಒಂದು ಸಾಲು ಬರೆದು ಅದಕ್ಕೆ ತಕ್ಕ ಬೆಲೆ ಕೇಳಿ. ಕೊಳ್ಳುವ ಧೈರ್ಯಸ್ಥರು ಆಗಲೂ ಸಿಗುತ್ತಾರೆ. ಪೇಪರ್ಸ್ ಎಲ್ಲಾ ಕ್ಲಿಯರ್ ಎಂದು ಬಿಸಿಲಲ್ಲಿ ಅರ್ಧ ರಾಜ್ಯ ದಾಟಿಸಿ ಕರೆಸಿ, ಆರ್‌ಸಿ ಕೇಳಿದಾಗ ‘ಓನರ್ ಹತ್ರ ಇದೆ, ಸಂಜೆ ವಾಟ್ಸಾಪ್ ಮಾಡ್ತೀನಿ’ ಎನ್ನುವುದನ್ನು ಇನ್ನಾದರೂ ಬಿಡಿ. ಯಾವ ಸಂಜೆ ಎಂದು ಹೇಳುವುದಿಲ್ಲವಲ್ಲ ನೀವು.

ಇತಿ,
ಅಡ್ವಾನ್ಸ್ ಕೊಡದೆ ಉಳಿಸಿಕೊಂಡ ಒಬ್ಬ ಗಿರಾಕಿ

ತಾ.ಕ.: ಸಾಲ ತೀರಿದೆ ಎನ್ನುವವರು ಬ್ಯಾಂಕಿನ ಎನ್‌ಒಸಿ ಮತ್ತು ಸಹಿ ಬಿದ್ದ ಫಾರಂ 35ನ್ನೂ ಫೋಟೋ ಸಾಲಿಗೆ ಸೇರಿಸಿ. ಜಾಗ ಸಾಲದಿದ್ದರೆ ಫ್ರಿಜ್ ಫೋಟೋ ತೆಗೆಯಿರಿ, ಫ್ರಿಜ್ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು.