ಕಮ್ಮನಹಳ್ಳಿಯ ಓನರ್ ಅಂಕಲ್

ಓನರ್ ಅಂಕಲ್ ಅವರನ್ನು ಹುಡುಕಲು ವಿಳಾಸ ಬೇಕಿಲ್ಲ. ಬೆಂಗಳೂರಿನ ಕಮ್ಮನಹಳ್ಳಿಯಲ್ಲಿ ನೆಹರೂ ರಸ್ತೆಯಿಂದ ಯಾವ ಕ್ರಾಸಿಗೆ ತಿರುಗಿದರೂ ಒಬ್ಬರು ಸಿಗುತ್ತಾರೆ: ಗೇಟಿನ ಪಕ್ಕ, ಪಂಚೆ, ಬನಿಯನ್ನು, ಕೈಯಲ್ಲಿ ಮೋಟರ್ ರೂಮಿನ ಬೀಗದ ಕೈ. ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಟೆಲಿಫೋನು ಜೋಡಿಸಿ ನಿವೃತ್ತರಾದವರು. ಆ ಕಸುಬಿನ ಗುಣವೋ ಏನೋ, ಎರಡನೇ ಮಹಡಿಯಲ್ಲಿ ಯಾರಾದರೂ ನಲ್ಲಿ ತಿರುಗಿಸಿದರೆ ಇವರಿಗೆ ಗೇಟಿನಲ್ಲಿ ಕೇಳಿಸುತ್ತದೆ. ಅದೇ ನಲ್ಲಿ ಸೋರುತ್ತಿದೆ ಎಂದು ಎದುರು ನಿಂತು ಹೇಳಿ ನೋಡಿ, ಲೈನೇ ಸಿಗುವುದಿಲ್ಲ.

ಆಸ್ತಿ ಎಂದರೆ ಮೂವತ್ತು ನಲವತ್ತರ ಒಂದು ಸೈಟು. 1200 ಚದರ ಅಡಿ. ಮಹಡಿಗೊಂದು ಸಂಸಾರ ಇದ್ದಲ್ಲಿ ಈಗ ಮಹಡಿಗೆ ನಾಲ್ಕು ಬಾಗಿಲು. ಸಾಲದ್ದಕ್ಕೆ ತಾರಸಿಯ ಮೇಲೆ, ಸಿಂಟೆಕ್ಸ್ ಟ್ಯಾಂಕಿನ ಮಗ್ಗುಲಲ್ಲಿ, ಹಳೆ ಸೈಕಲ್ಲು ಮುರುಕು ತೊಟ್ಟಿಲು ಇಡಲು ಕಟ್ಟಿಸಿದ್ದ ಕೋಣೆಗೆ ಒಂದು ಕಡಪ ಕಲ್ಲು, ಒಂದು ಸಿಂಕು, ಮೂಲೆಗೊಂದು ಬಾತ್‌ರೂಮು ಬಂದು ಅದೂ ಬಾಡಿಗೆಗಿದೆ. ಮೊನ್ನೆಯವರೆಗೆ ಬೋರ್ಡಿನಲ್ಲಿ ‘ಸಿಂಗಲ್ ರೂಮ್’ ಎಂದಿತ್ತು. ಈಗ ‘ಸ್ಟುಡಿಯೋ ಅಪಾರ್ಟ್‌ಮೆಂಟ್’. ಬದಲಾಗಿರುವುದು ಗೋಡೆಯ ಬಣ್ಣ ಮತ್ತು ಬಾಡಿಗೆ. ತೋರಿಸುವಾಗ ಅಂಕಲ್ ಹೊಸಿಲಾಚೆಯೇ ನಿಲ್ಲುತ್ತಾರೆ. ಒಳಗೆ ಇಬ್ಬರಿಗೆ ಜಾಗವಿಲ್ಲ. “ಹಾಸಿಗೆ ಮೇಲೆ ಕೂತ್ಕೊಂಡೇ ಕಾಫಿ ಕಾಸ್ಬೋದು ಸಾರ್, ಓಡಾಡೋ ಕಷ್ಟಾನೇ ಇಲ್ಲ. ಬೆಳಕಂತೂ ಸಖತ್ತು!” ಬೆಳಕಿನ ವಿಷಯದಲ್ಲಿ ಸುಳ್ಳಾಡುವವರಲ್ಲ. ತಲೆಯ ಮೇಲೆ ಶೀಟು. ಏಪ್ರಿಲ್‌ನಲ್ಲಿ ಆ ಕೋಣೆ ಹಪ್ಪಳ ಸುಡುವ ಕೆಂಡದಂತಿರುತ್ತದೆ.

ಆಮೇಲೆ ಸಂದರ್ಶನ. ಊರು? ಕೆಲಸ? ಮದುವೆ? “ನಾವು ಫ್ಯಾಮಿಲಿಗೆ ಮಾತ್ರ ಕೊಡೋದು” ಎನ್ನುತ್ತಾರೆ, ಒಂದು ಫ್ಯಾಮಿಲಿಯ ಚಪ್ಪಲಿಯೂ ಹಿಡಿಯದ ಆ ಕೋಣೆಯ ಮುಂದೆ ನಿಂತು. ಲೋಕದ ಎಲ್ಲ ಜನರ ಮೇಲೂ ಅಂಕಲ್‌ಗೆ ಒಂದೊಂದು ಗುಮಾನಿ. ಅವರ ಕಟ್ಟಡದಲ್ಲಿ ಇರುವವರಿಗೆಲ್ಲ ಒಂದೊಂದು ರಿಯಾಯಿತಿ. “ಆ ಕಡೆಯೋರೇ ಹಂಗೆ ಸಾರ್. ಆದ್ರೆ ನಮ್ಮ ಹುಡುಗಿ ಬಂಗಾರ.” ಕೋಟ್ಟಯಂನ ನರ್ಸು ಬಂಗಾರ. ಮಣಿಪುರದ ಅಕ್ಕತಂಗಿಯರು ಬಂಗಾರ. ಕಾಲೇಜಿಗೆಂದು ಯೆಮೆನ್‌ನಿಂದ ಬಂದ ಹುಡುಗನೂ ಬಂಗಾರ. ಪೂರಾ ನಂಬಿಕೆ ಇಲ್ಲದಿರುವುದು ರಾಯಚೂರಿನವನ ಮೇಲೆ ಮಾತ್ರ. ಅವನಿಗೆ ಕನ್ನಡ ಬರುತ್ತದೆ, ತಿರುಗಿ ಮಾತಾಡುತ್ತಾನೆ. ಈ ರಿಯಾಯಿತಿ ಅಡ್ವಾನ್ಸು ಕೈಸೇರಿದ ಮೇಲೆ ಹುಟ್ಟುವಂಥದ್ದು. ಫೋನಿನಲ್ಲಿ ಹೆಸರು ಹೇಳಿದ ಕೂಡಲೇ “ಅಯ್ಯೋ, ಈಗ್ತಾನೆ ಕೊಟ್ಬಿಟ್ಟೆ” ಎನ್ನಿಸಿಕೊಂಡವರು ಈ ಊರಿನಲ್ಲಿ ಬಹಳ ಮಂದಿ. ಟು-ಲೆಟ್ ಬೋರ್ಡು ಆಮೇಲೂ ಗೇಟಿನಲ್ಲಿ ನೇತಾಡುತ್ತಿರುತ್ತದೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

ಕಾನೂನು ಅಂಕಲ್‌ಗೆ ಕರತಲಾಮಲಕ. ಕರಾರು 11 ತಿಂಗಳಿಗೇ. ವರ್ಷ ದಾಟಿದರೆ ನೋಂದಣಿ, ಅದರ ಖರ್ಚು. ವಿದೇಶದವರಿಗೆ ಮನೆ ಕೊಟ್ಟರೆ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮವಿದೆ. ಗೀಸರ್ ರಿಪೇರಿಗೆ ಎರಡು ತಿಂಗಳು ತೆಗೆದುಕೊಳ್ಳುವ ಅಂಕಲ್ ಇದನ್ನು ಅರ್ಧ ದಿನದಲ್ಲಿ ಮುಗಿಸುತ್ತಾರೆ. ಹತ್ತು ತಿಂಗಳ ಅಡ್ವಾನ್ಸು ಬೆಂಗಳೂರಿನ ಹಳೇ ಸಂಪ್ರದಾಯ. ಕೇಂದ್ರದವರು 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಎರಡೇ ತಿಂಗಳು ಅಂತಿದೆಯಲ್ಲ ಅಂಕಲ್ ಎಂದು ಯಾರೋ ಕೇಳಿದ್ದಕ್ಕೆ ಉತ್ತರ ಸಿದ್ಧವಿತ್ತು: “ಮಾದರಿ ಅಂದ್ರೆ ನೋಡೋಕೆ ಇಡೋದಪ್ಪ.” ಗೃಹಜ್ಯೋತಿ ಬಂದು 200 ಯೂನಿಟ್‌ವರೆಗೆ ಕರೆಂಟು ಉಚಿತವಾದದ್ದು 2023ರಲ್ಲಿ. ಬಾಡಿಗೆದಾರರಿಗೂ ಉಂಟು, ಅವರ ಮನೆಗೊಂದು ಮೀಟರ್ ಇದ್ದರೆ. ಸ್ಟುಡಿಯೋಗೆ ಇರುವುದು ಸಬ್‌ಮೀಟರು. ಅದು ಓಡುವುದು ಬೆಸ್ಕಾಂಗೆ ಗೊತ್ತಿಲ್ಲ, ಅಂಕಲ್‌ಗೆ ಗೊತ್ತು.

ಅಡುಗೆಗೆ ಅಡ್ಡಿಯಿಲ್ಲ. “ಏನ್ ಬೇಕಾದ್ರೂ ಮಾಡ್ಕೊಳ್ಳಿ, ವಾಸನೆ ಬರ್ಬಾರ್ದು.” ಸಂಜೆ ಆ ಮೆಟ್ಟಿಲು ಹತ್ತಿದರೆ ಮೊದಲು ತೆಂಗಿನೆಣ್ಣೆಯಲ್ಲಿ ಕರಿಬೇವು, ಆಮೇಲೆ ಒಣಮೀನು, ಅದಾದ ಮೇಲೆ ಏಲಕ್ಕಿ ಹಾಕಿ ಬೇಯಿಸಿದ ಕುರಿಮಾಂಸ. ಅಂಕಲ್ ಮೂಗು ಮುಚ್ಚುತ್ತಾರೆ. ಆಂಟಿ ಮುಚ್ಚುವುದಿಲ್ಲ, ಸ್ಟೀಲಿನ ಡಬ್ಬಿ ಕಳಿಸುತ್ತಾರೆ. ತುಂಬಿ ಬಂದ ಡಬ್ಬಿಯಿಂದ ಊಟ ಮಾಡುವಾಗ ಅಂಕಲ್ ವಾಸನೆಯ ಸುದ್ದಿ ಎತ್ತಿದ್ದನ್ನು ಯಾರೂ ಕೇಳಿಲ್ಲ.

ಒಂದು ಮಾತಿಗೆ ಮೆಚ್ಚಬೇಕು. 2024ರ ಬೇಸಿಗೆಯಲ್ಲಿ ನಗರದ ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತುತ್ತಿದ್ದಾಗ ಟ್ಯಾಂಕರ್ ಬರುತ್ತಿದ್ದದ್ದು ನಡುರಾತ್ರಿ. ಅಂಕಲ್ ಎದ್ದು ಮೆಟ್ಟಿಲ ಬುಡದಲ್ಲಿ ನಿಂತು “ನೀರು! ಪಾನಿ! ವೆಳ್ಳಂ! ಈಶಿಂಗ್!” ಎಂದು ಮಹಡಿ ಮಹಡಿಗೂ ಕೇಳುವ ಹಾಗೆ ಕೂಗುತ್ತಿದ್ದರು. ತಲೆಗೆ ಎರಡು ಬಕೆಟ್. ಅವರ ಮನೆಗೂ ಎರಡೇ. ಟ್ಯಾಂಕರಿನ ದುಡ್ಡು ಮಾತ್ರ ತಿಂಗಳ ಕೊನೆಗೆ ಎಲ್ಲರ ಬಾಡಿಗೆಗೂ ಸೇರಿತು, ಸಬ್‌ಮೀಟರಿನ ಪಕ್ಕದ ಕಾಲಂನಲ್ಲಿ.

ತಾರಸಿಯ ಸ್ಟುಡಿಯೋ ಈಗ ಖಾಲಿಯಿದೆ. ನೋಡಲು ಹೋಗುವವರು ನಡುಮಧ್ಯಾಹ್ನವೇ ಹೋಗಿ. ಅಡ್ವಾನ್ಸು ನಗದಾಗಿ ಕೊಡಬೇಡಿ. ಗೋಡೆಗಳ ಫೋಟೋ ಮೊದಲ ದಿನವೇ ತೆಗೆದಿಟ್ಟುಕೊಳ್ಳಿ, ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ. ಮತ್ತೆ, ರಾಯಚೂರಿನವರಾಗಿದ್ದರೆ ಸ್ವಲ್ಪ ಕಡಿಮೆ ಮಾತಾಡಿ.